ಫೈಲು ಯಾರ ಮೇಜಿನ ಮೇಲಿದೆ?

ಹೋದ ವರ್ಷ ಮಾರ್ಚ್‌ನಿಂದ ಜೂನ್‌ವರೆಗೆ ನನಗೊಂದು ಚಟ ಹತ್ತಿತ್ತು. ಬೆಳಿಗ್ಗೆ ಎದ್ದು ಫಿಲ್ಟರ್‌ಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವವರೆಗೆ ಅಡುಗೆಕಟ್ಟೆಗೆ ಒರಗಿ ನಿಂತು, ಫೋನಿನಲ್ಲಿ ಒಂದು ವೆಬ್‌ಸೈಟ್ ತೆರೆಯುವುದು. ಅದು ಮೂರು ವಿಷಯ ಕೇಳುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದಲ್ಲಿ ನಮ್ಮ ಪ್ಯಾನ್ ಥರದ ಗುರುತಿನ ಸಂಖ್ಯೆ), ತೆರಿಗೆ ವರ್ಷ, ಬರಬೇಕಾದ ಮೊತ್ತ. ಮೂರನ್ನೂ ಕೊಟ್ಟರೆ ಒಂದು ಚಕ್ರ ತಿರುಗುತ್ತದೆ. ಆಮೇಲೆ ಒಂದು ಸಾಲು. ‘ನಿಮ್ಮ ರಿಟರ್ನ್ ನಮಗೆ ತಲುಪಿದೆ. ಪರಿಶೀಲನೆ ನಡೆಯುತ್ತಿದೆ.’

ನಿನ್ನೆಯೂ ಅದೇ, ಮೊನ್ನೆಯೂ ಅದೇ. ಮಧ್ಯಾಹ್ನ ಆಫೀಸಿನಲ್ಲಿ ಒಂದು ಸಲ ನೋಡುತ್ತಿದ್ದೆ, ರಾತ್ರಿ ಹಲ್ಲುಜ್ಜುವಾಗ ಇನ್ನೊಂದು ಸಲ. ಆ ಸಾಲು ನನಗೆ ಸುಪ್ರಭಾತದ ಹಾಗೆ ಬಾಯಿಪಾಠ ಆಗಿಹೋಯಿತು.

ಬರಬೇಕಾಗಿದ್ದು 1,386 ಡಾಲರ್ ರೀಫಂಡ್, ಅಂದರೆ ಸಂಬಳದಲ್ಲಿ ಹೆಚ್ಚಾಗಿ ಹಿಡಿದ ತೆರಿಗೆಯ ವಾಪಸ್. ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯಿಂದ, ಅಂದರೆ ಐಆರ್‌ಎಸ್‌ನಿಂದ ಅಲ್ಲ. ಅವರದು ಹನ್ನೆರಡೇ ದಿನದಲ್ಲಿ ಖಾತೆಗೆ ಬಂದಿತ್ತು. ಇದು ರಾಜ್ಯದ ದುಡ್ಡು. ನಾನು ಬಿಟ್ಟು ಬಂದ ರಾಜ್ಯದ್ದು.

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ರೀಫಂಡ್ ತಡವಾಗಿದ್ದು ದೊಡ್ಡ ವಿಷಯ ಅನ್ನಿಸಲೇ ಇಲ್ಲ. ಅವರು ನಿಂತಿದ್ದು ಬೇರೆ ಕಡೆ.

‘ರಾಜ್ಯಕ್ಕೂ ಇನ್‌ಕಮ್ ಟ್ಯಾಕ್ಸಾ? ಎಂಥ ಮಾರಾಯ್ತಿ, ನೀನೇನು ಅಲ್ಲಿ ಕಾಫಿ ಬೆಳೀತಿದ್ದೀಯಾ?’

ಅಪ್ಪ ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ: ತೋಟದ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವವರು, ಆಳುಗಳ ಬಟವಾಡೆ ಮಾಡುವವರು, ಸಾಹುಕಾರರ ಕಾಗದಪತ್ರ ನೋಡುವವರು. ಅವರ ಪ್ರಶ್ನೆ ತಮಾಷೆಯಾಗಿ ಕಂಡರೂ ಅದರ ಹಿಂದೆ ಸರಿಯಾದ ಲೆಕ್ಕ ಇತ್ತು. ನಮ್ಮ ದೇಶದಲ್ಲಿ ಆದಾಯದ ಮೇಲೆ ತೆರಿಗೆ ಹಾಕುವ ಹಕ್ಕು ಸಂವಿಧಾನದ ಪ್ರಕಾರ ಕೇಂದ್ರಕ್ಕೆ ಸೇರಿದ್ದು. ಕೃಷಿ ಆದಾಯ ಒಂದನ್ನು ಮಾತ್ರ ಅದರಿಂದ ಹೊರಗಿಟ್ಟು ರಾಜ್ಯಗಳಿಗೆ ಕೊಟ್ಟಿದ್ದಾರೆ. ಕರ್ನಾಟಕದಲ್ಲಿ ಅದಕ್ಕೆಂದೇ 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ಇತ್ತು. ಚಿಕ್ಕಮಗಳೂರು, ಕೊಡಗಿನ ಪ್ಲಾಂಟರ್‌ಗಳಿಗೆ ಅದು ಚೆನ್ನಾಗಿ ಗೊತ್ತು. ಸಾಹುಕಾರರ ರಿಟರ್ನ್‌ಗೆ ಬೇಕಾದ ಲೆಕ್ಕವನ್ನೆಲ್ಲ ಅಪ್ಪನೇ ಬರೆದು ಕೊಡುತ್ತಿದ್ದರು. ಅವರ ತಲೆಯಲ್ಲಿ ರಾಜ್ಯ ಸರ್ಕಾರದ ಇನ್‌ಕಮ್ ಟ್ಯಾಕ್ಸ್ ಅಂದರೆ ಕಾಫಿ, ಏಲಕ್ಕಿ, ಮೆಣಸು. ಸಂಬಳಗಾರರಿಂದ ಕರ್ನಾಟಕ ಸರ್ಕಾರ ನೇರವಾಗಿ ತೆಗೆದುಕೊಳ್ಳುವುದು ವೃತ್ತಿ ತೆರಿಗೆ ಒಂದೇ. ಅದಕ್ಕೂ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಎಂದು ಮಿತಿ ಹಾಕಿದೆ.

ಇಲ್ಲಿ ಹಾಗಲ್ಲ. ಐವತ್ತು ರಾಜ್ಯಗಳಲ್ಲಿ ನಲವತ್ತೊಂದು ರಾಜ್ಯಗಳು ಸಂಬಳದ ಮೇಲೆ ತಮ್ಮದೇ ತೆರಿಗೆ ಹಾಕುತ್ತವೆ. ಟೆಕ್ಸಸ್, ಫ್ಲೋರಿಡಾ, ವಾಷಿಂಗ್ಟನ್, ನೆವಾಡಾ, ಟೆನೆಸಿ ಥರದ ಒಂಬತ್ತು ರಾಜ್ಯಗಳು ಹಾಕುವುದಿಲ್ಲ. ಡಲ್ಲಾಸ್‌ಗೆ ಮನೆ ಬದಲಾಯಿಸಿದ ಕನ್ನಡದವರು ಮೊದಲ ಸಂಬಳದ ಚೀಟಿ ನೋಡಿ ಅಷ್ಟು ಖುಷಿಪಡುವುದು ಇದಕ್ಕೇ. ಆಮೇಲೆ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬರುತ್ತದೆ, ಅದು ಬೇರೆ ಕಥೆ.

ರಾಜ್ಯದ ತೆರಿಗೆ ಕೇಂದ್ರದ ಬಾಲ ಅಂತಲೂ ತಿಳಿಯಬೇಡಿ. ವಿಸ್ಕಾನ್ಸಿನ್ ರಾಜ್ಯ ಇದನ್ನು 1911ರಲ್ಲೇ ತಂದಿತ್ತು. ಕೇಂದ್ರಕ್ಕೆ ಸಂವಿಧಾನದ ಹದಿನಾರನೆಯ ತಿದ್ದುಪಡಿಯ ಬಲ ಸಿಕ್ಕಿದ್ದು 1913ರಲ್ಲಿ. ಹಾಗಾಗಿ ಒಂದೊಂದು ರಾಜ್ಯಕ್ಕೂ ಅದರದೇ ಫಾರ್ಮು, ಅದರದೇ ದರ. ಕೊನೆಯ ದಿನಾಂಕ ಕೂಡ ಎಲ್ಲ ಕಡೆ ಏಪ್ರಿಲ್ 15 ಅಲ್ಲ, ವರ್ಜೀನಿಯಾದಲ್ಲಿ ಮೇ 1. ಎಡಿಸನ್‌ನಲ್ಲಿ ಮನೆ, ಮ್ಯಾನ್‌ಹ್ಯಾಟನ್‌ನಲ್ಲಿ ಕೆಲಸ ಅನ್ನುವವರನ್ನು ಕೇಳಿ. ದುಡಿದ ಜಾಗ ಅಂತ ನ್ಯೂಯಾರ್ಕ್‌ಗೆ ಒಂದು ರಿಟರ್ನ್, ಮಲಗುವ ಜಾಗ ಅಂತ ನ್ಯೂಜೆರ್ಸಿಗೆ ಇನ್ನೊಂದು. ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಮುರಿದುಕೊಳ್ಳಲು ಮತ್ತೊಂದು ಹಾಳೆ.

ನನ್ನ ಪ್ರಕರಣ ಅಷ್ಟೇನೂ ಗೋಜಲಿನದಲ್ಲ. ಜೂನ್ ಮಧ್ಯದಲ್ಲಿ ಅದೇ ಕಂಪನಿಯ ಬೇರೆ ಕಚೇರಿಗೆ, ಬೇರೆ ರಾಜ್ಯಕ್ಕೆ ಬಂದೆ. ಹೊಸ ವಿಳಾಸವನ್ನು ಎಚ್‌ಆರ್‌ಗೆ ತಿಳಿಸಿದ್ದೆ. ಅಂದರೆ ತಿಳಿಸಿದ್ದೇನೆ ಅಂದುಕೊಂಡಿದ್ದೆ. ವಿಳಾಸ ಬದಲಾಯಿಸುವ ಪುಟ ಒಂದು, ತೆರಿಗೆ ಕಡಿತದ ರಾಜ್ಯ ಬದಲಾಯಿಸುವ ಪುಟ ಇನ್ನೊಂದು. ಎರಡನೆಯದು ನನ್ನ ಕಣ್ಣಿಗೇ ಬೀಳಲಿಲ್ಲ. ಎರಡು ವಾರಕ್ಕೊಮ್ಮೆ ಸಂಬಳ. ಐದು ಸಂಬಳದ ತೆರಿಗೆ ಹಳೆಯ ರಾಜ್ಯಕ್ಕೇ ಹೋಯಿತು. ಸೆಪ್ಟೆಂಬರ್‌ನಲ್ಲಿ ಸಂಬಳದ ಚೀಟಿಯನ್ನು ಸುಮ್ನೆ ನೋಡುತ್ತಿದ್ದಾಗ ಹಳೆಯ ರಾಜ್ಯದ ಹೆಸರಿನ ಎರಡಕ್ಷರದ ಗುರುತು ಕಾಣಿಸಿ, ಓಡಿ ಹೋಗಿ ಸರಿಮಾಡಿಸಿದೆ. ಮುಂದಿನದು ಸರಿಯಾಯಿತು. ಹಿಂದಿನದು ಹಿಂದೆಯೇ ಉಳಿಯಿತು.

ಜನವರಿಯಲ್ಲಿ ಡಬ್ಲ್ಯೂ-2 ಬಂತು, ವರ್ಷದ ಸಂಬಳ ಮತ್ತು ಹಿಡಿದ ತೆರಿಗೆ ತೋರಿಸಿ ಕಂಪನಿ ಕೊಡುವ ಕಾಗದ. ನಮ್ಮೂರಿನ ಫಾರ್ಮ್ 16ರ ಅಣ್ಣ ಅನ್ನಿ. ಅದರ ಕೆಳಗಡೆ ಚಿಕ್ಕ ಚಿಕ್ಕ ಚೌಕಗಳಿರುತ್ತವೆ. 15ನೇ ಚೌಕದಲ್ಲಿ ರಾಜ್ಯದ ಹೆಸರು, 16ರಲ್ಲಿ ಆ ರಾಜ್ಯದಲ್ಲಿ ದುಡಿದದ್ದು, 17ರಲ್ಲಿ ಆ ರಾಜ್ಯಕ್ಕೆ ಹಿಡಿದುಕೊಂಡ ತೆರಿಗೆ. ನನ್ನದರಲ್ಲಿ ಹಳೆಯ ರಾಜ್ಯದ ಸಾಲು ಆಗಸ್ಟ್ ಕೊನೆಯವರೆಗಿನ ಸಂಬಳ ತೋರಿಸುತ್ತಿತ್ತು. ನಾನು ಅಲ್ಲಿಂದ ಗಂಟುಮೂಟೆ ಕಟ್ಟಿದ್ದು ಜೂನ್‌ನಲ್ಲಿ. ಆಗಲೇ ಕಂಪನಿಗೆ ಹೇಳಿ ಡಬ್ಲ್ಯೂ-2ಸಿ, ಅಂದರೆ ತಿದ್ದಿದ ಪ್ರತಿ, ಮಾಡಿಸಿಕೊಳ್ಳಬೇಕಿತ್ತು. ಯಾರು ಅಷ್ಟು ದಿನ ಕಾಯುತ್ತಾರೆ ಅಂತ ನಾನೇ ರಿಟರ್ನ್‌ನಲ್ಲಿ ನಿಜವಾದ ತಾರೀಖು ಹಾಕಿ, ಸಂಬಳವನ್ನು ಜೂನ್‌ಗೆ ನಿಲ್ಲಿಸಿ, ಮಿಕ್ಕ ತೆರಿಗೆ ವಾಪಸ್ ಕೊಡಿ ಎಂದು ಬರೆದೆ. ಲೆಕ್ಕ ಸರಿಯಾಗೇ ಇತ್ತು. ಆದರೆ ನನ್ನ ಕಾಗದ ಒಂದು ಹೇಳುತ್ತಿತ್ತು, ಕಂಪನಿಯ ಕಾಗದ ಇನ್ನೊಂದು ಹೇಳುತ್ತಿತ್ತು.

ಫೆಬ್ರವರಿ 18ರ ರಾತ್ರಿ ಕಂಪ್ಯೂಟರ್‌ನಲ್ಲೇ ಮೂರೂ ರಿಟರ್ನ್ ಕಳಿಸಿದೆ. ಕೇಂದ್ರಕ್ಕೊಂದು, ಎರಡು ರಾಜ್ಯಕ್ಕೆ ಎರಡು. ಮಾರನೆಯ ದಿನ ‘ಸ್ವೀಕರಿಸಲಾಗಿದೆ’ ಅಂತ ಇಮೇಲ್ ಬಂತು. ಇಲ್ಲಿ ತುಂಬಾ ಜನ ಎಡವುತ್ತಾರೆ. ಸ್ವೀಕರಿಸಲಾಗಿದೆ ಅಂದರೆ ಒಪ್ಪಿಕೊಂಡೆವು ಅಂತಲ್ಲ. ಹೆಸರು, ನಂಬರ್, ಫಾರ್ಮಿನ ಅಚ್ಚುಕಟ್ಟು ಸರಿ ಇದೆ, ಒಳಗೆ ಬಿಟ್ಟುಕೊಂಡೆವು ಅಂತ ಅಷ್ಟೇ. ತಾಲ್ಲೂಕು ಕಚೇರಿಯಲ್ಲಿ ಅರ್ಜಿಗೆ ಸೀಲು ಹೊಡೆದು ಸ್ವೀಕೃತಿ ಕೊಡುತ್ತಾರಲ್ಲ, ಅದರಷ್ಟೇ ಬೆಲೆ. ಇನ್ನೊಂದು ವಿಷಯ. ಕೇಂದ್ರದ್ದಕ್ಕೆ ಒಂದು ಸ್ವೀಕೃತಿ ಬರುತ್ತದೆ, ರಾಜ್ಯದ್ದಕ್ಕೆ ಬೇರೆ ಬರುತ್ತದೆ. ಸಾಫ್ಟ್‌ವೇರ್ ಎರಡನ್ನೂ ಜೊತೆಯಲ್ಲಿ ಕಳಿಸಿದ್ದರೂ ಅವು ಹೋಗಿ ಕೂರುವ ಮನೆ ಬೇರೆ. ಒಂದು ಇಮೇಲ್ ನೋಡಿ ಎರಡೂ ಹೋಯಿತು ಅಂತ ಕೂತುಬಿಟ್ಟರೆ, ಹೋಗದೇ ಇರುವ ರಿಟರ್ನ್‌ನ ರೀಫಂಡ್‌ಗೆ ತಿಂಗಳುಗಟ್ಟಲೆ ಕಾಯುತ್ತೀರಿ.

ಮಾರ್ಚ್ 2ಕ್ಕೆ ಕೇಂದ್ರದ ದುಡ್ಡು ಬಂತಲ್ಲ, ಅವತ್ತೇ ನಾನು ರಾಜ್ಯದ ವೆಬ್‌ಸೈಟ್‌ಗೆ ಮೊದಲ ಸಲ ಹೋದದ್ದು. ಮೊತ್ತ ಹಾಕಿ ಅಂದಿತು. ಆಗಷ್ಟೇ ಬ್ಯಾಂಕ್ ಖಾತೆಯಲ್ಲಿ ಕಂಡ ಕೇಂದ್ರದ ಮೊತ್ತ ಕಣ್ಣಿನಲ್ಲೇ ಇತ್ತು, ಅದನ್ನೇ ಒತ್ತಿದೆ. ತಪ್ಪು ಅಂದಿತು. ಎರಡನೆಯ ಸಲ ರಾಜ್ಯದ್ದೇ ಹಾಕಿದೆ, ನನ್ನ ಲೆಕ್ಕದ ಹಾಳೆಯಲ್ಲಿದ್ದ ಸೆಂಟ್‌ಗಳ ಸಮೇತ. ಮತ್ತೆ ತಪ್ಪು. ಮೂರನೆಯ ಸಲ ಗಾಬರಿಯಲ್ಲಿ ಹೊಸ ರಾಜ್ಯಕ್ಕೆ ನಾನು ಕಟ್ಟಬೇಕಾದ ಮೊತ್ತ ಹಾಕಿದೆ. ಬಾಗಿಲು ಮುಚ್ಚಿತು, ನಾಳೆ ಬನ್ನಿ. ಮಾರನೆಯ ದಿನ ಕಳಿಸಿದ್ದ ರಿಟರ್ನ್‌ನ ಪಿಡಿಎಫ್ ತೆರೆದು, ರೀಫಂಡ್ ಅಂತ ಬರೆದಿರುವ ಸಾಲಿನಲ್ಲಿ ಇರುವ ಹಾಗೇ, ಸೆಂಟ್ ಇಲ್ಲದ ಇಡೀ ಡಾಲರ್, 1386 ಅಂತ ಒತ್ತಿದೆ. ಆಗ ದರ್ಶನ ಆಯಿತು.

ದಿನಕ್ಕೆ ಮೂರು ಸಲ ನೋಡುವುದರಿಂದ ಏನೂ ಆಗುವುದಿಲ್ಲ ಅಂತ ನನಗೆ ಗೊತ್ತಿಲ್ಲದೇನಿರಲಿಲ್ಲ. ಐಆರ್‌ಎಸ್‌ನ ಇಂಥದೇ ಪುಟ ದಿನಕ್ಕೆ ಒಂದೇ ಸಲ, ರಾತ್ರಿ ಹೊತ್ತು ಹೊಸದಾಗುತ್ತದೆ. ರಾಜ್ಯಗಳವು ಅದಕ್ಕಿಂತ ಚುರುಕಾಗಿರಬೇಕೆಂದೇನೂ ಇಲ್ಲ. ಕಂಪ್ಯೂಟರಿನಲ್ಲಿ ಕಳಿಸಿದರೆ ಹೆಚ್ಚಿನವರಿಗೆ 21 ದಿನದೊಳಗೆ ಅಂತ ಐಆರ್‌ಎಸ್ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲೂ ಸುಮಾರು ಮೂರು ವಾರ ಅನ್ನುತ್ತಾರೆ. ಕಾಗದದ ರಿಟರ್ನ್ ಅಂಚೆಗೆ ಹಾಕಿದರೆ ತಿಂಗಳುಗಳ ಮಾತು. ಇವೆಲ್ಲ ಯಾವ ತಕರಾರೂ ಇಲ್ಲದ ರಿಟರ್ನ್‌ಗಳ ಲೆಕ್ಕ. ತಕರಾರು ಬಂದ ಕೂಡಲೇ ನಿಮ್ಮ ಫೈಲು ಆ ಸಾಲಿನಿಂದ ಎದ್ದು ಬೇರೆ ಕೋಣೆಗೆ ಹೋಗುತ್ತದೆ. ವೆಬ್‌ಸೈಟ್ ಮಾತ್ರ ಎರಡೂ ಕೋಣೆಗೆ ಅದೇ ಹೆಸರು ಬರೆಯುತ್ತದೆ, ‘ಪರಿಶೀಲನೆ’.

ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. ‘ಪರಿಶೀಲನೆಯಲ್ಲಿದೆ ಅಂದ್ರೆ ಏನೂ ಹೇಳಿದ ಹಾಗಾಗಲಿಲ್ಲ. ಯಾರ ಮೇಜಿನ ಮೇಲಿದೆ ಕೇಳು’ ಅಂದರು. ಚಿಕ್ಕಮಗಳೂರಿನ ಕಚೇರಿಗೆ ಅವರು ಹೋಗುತ್ತಿದ್ದುದೇ ಹಾಗೆ. ಮೊದಲು ಇನ್‌ವರ್ಡ್ ಪುಸ್ತಕದಲ್ಲಿ ನಂಬರ್ ನೋಡುವುದು. ಆಮೇಲೆ ಕೇಸ್‌ವರ್ಕರ್ ಯಾರು ಅಂತ ಕೇಳುವುದು. ಅವರು ರಜೆಯಲ್ಲಿದ್ದಾರಾ, ಫೈಲು ಸಹಿಗೆ ಹೋಗಿದೆಯಾ, ಇಲ್ಲ ಏನಾದರೂ ಕಾಗದ ಕಡಿಮೆ ಬಿದ್ದಿದೆಯಾ. ಕೊನೆಯದ್ದಾದರೆ ತೋಟಕ್ಕೆ ಒಂದು ಕವರ್ ಬಂದೇ ಬರುತ್ತದೆ.

‘ನಿನಗೆ ಕವರ್ ಏನೂ ಬಂದಿಲ್ವಾ?’ ಅಂತ ಕೇಳಿದರು.

‘ಇಲ್ಲಪ್ಪಾ, ಇಲ್ಲೆಲ್ಲ ಆನ್‌ಲೈನು’ ಅಂದೆ. ಸ್ವಲ್ಪ ಜಂಬದಿಂದಲೇ ಅಂದೆ.

ಕಾಯುವಾಗ ಮನುಷ್ಯ ಸುಮ್ಮನಿರುವುದಿಲ್ಲವಲ್ಲ. ಯಾಕೆ ತಡ ಆಗುತ್ತದೆ ಅಂತ ಓದುತ್ತಾ ಹೋದೆ. ಓದಿದ್ದರಲ್ಲಿ ನನ್ನನ್ನು ತುಂಬಾ ಹಿಡಿದಿಟ್ಟಿದ್ದು ಕಳ್ಳರ ಕಥೆ. ರೀಫಂಡ್ ಅನ್ನುವುದು ಸರ್ಕಾರ ತಾನಾಗಿ ಕಳಿಸುವ ದುಡ್ಡು. ಬೇರೆಯವರ ಹೆಸರು, ನಂಬರ್ ಸಿಕ್ಕಿದರೆ ಸಾಕು, ಸುಳ್ಳು ರಿಟರ್ನ್ ಹಾಕಿ ತಮ್ಮ ಖಾತೆಗೆ ತರಿಸಿಕೊಳ್ಳಬಹುದು. ನಿಜವಾದ ಮನುಷ್ಯ ಏಪ್ರಿಲ್‌ನಲ್ಲಿ ರಿಟರ್ನ್ ಹಾಕಲು ಹೋದಾಗ ‘ನೀವು ಆಗಲೇ ಹಾಕಿದ್ದೀರಲ್ಲ’ ಅನ್ನುತ್ತಾರೆ. 2012ರಲ್ಲಿ ಸೌತ್ ಕೆರೊಲಿನಾದ ತೆರಿಗೆ ಇಲಾಖೆಯ ಕಂಪ್ಯೂಟರ್‌ಗೇ ಕನ್ನ ಹಾಕಿ ಸುಮಾರು 36 ಲಕ್ಷ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗಳನ್ನು ಕದ್ದರು. 2015ರ ಫೆಬ್ರವರಿಯಲ್ಲಿ ಹಲವು ರಾಜ್ಯಗಳಿಗೆ ಸುಳ್ಳು ರಿಟರ್ನ್‌ಗಳು ಎಷ್ಟು ಬಂದವೆಂದರೆ, ರಿಟರ್ನ್ ತುಂಬುವ ಸಾಫ್ಟ್‌ವೇರ್ ಟರ್ಬೊಟ್ಯಾಕ್ಸ್‌ನ ಕಂಪನಿ ರಾಜ್ಯದ ರಿಟರ್ನ್‌ಗಳನ್ನು ಕಳಿಸುವುದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿತ್ತು. ಆ ವರ್ಷವೇ ಐಆರ್‌ಎಸ್, ರಾಜ್ಯಗಳು, ಸಾಫ್ಟ್‌ವೇರ್ ಕಂಪನಿಗಳು ಒಟ್ಟಿಗೆ ಕೂತು ತಡೆಯುವ ದಾರಿ ಹುಡುಕಿದವು. ಈಗ ಓಹಾಯೊದಲ್ಲಿ ಕೆಲವರಿಗೆ ರೀಫಂಡ್ ಕೊಡುವ ಮೊದಲು ಒಂದು ಕ್ವಿಜ್ ಇಡುತ್ತಾರೆ. ನೀವೇ ನೀವು ಅಂತ ತೋರಿಸಲು. ಇನ್ನು ಕೆಲವು ರಾಜ್ಯಗಳು ಗುರುತು ಕೇಳಿ ಪತ್ರ ಹಾಕುತ್ತವೆ.

ಹಾಗಾಗಿ ಈಗ ತಡಕ್ಕೆ ಮುಖ್ಯ ಕಾರಣ ಸೋಮಾರಿತನ ಅಂತ ನನಗನ್ನಿಸುವುದಿಲ್ಲ, ತಾಳೆ ನೋಡುವುದು. ನೀವು ಹೇಳಿದ ಸಂಬಳ, ಕಂಪನಿ ಹೇಳಿದ ಸಂಬಳ ಒಂದೇನಾ? ಕಂಪನಿಗಳು ಜನವರಿ 31ರ ಹೊತ್ತಿಗೆ ಡಬ್ಲ್ಯೂ-2 ಕೊಡಬೇಕು. ಆ ಲೆಕ್ಕ ಬಂದು ಕೂರುವ ಮೊದಲೇ ರಿಟರ್ನ್ ಹಾಕಿದರೆ ಅದು ಅಲ್ಲೇ ಕಾಯುತ್ತದೆ. ವಿಳಾಸ ಬದಲಾಗಿದೆ, ಹೆಸರಿನ ಕಾಗುಣಿತ ಬೇರೆ ಇದೆ, ಕೂಡಿದ್ದು ತಪ್ಪಾಗಿದೆ, ಎಲ್ಲಕ್ಕೂ ಮನುಷ್ಯರೇ ಕೂತು ನೋಡಬೇಕು. ನಮ್ಮ ಹೆಸರುಗಳಂತೂ ದೇವರಿಗೇ ಪ್ರೀತಿ. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಮೊದಲು, ಸೋಷಿಯಲ್ ಸೆಕ್ಯುರಿಟಿ ಕಾರ್ಡ್‌ನಲ್ಲಿ ಅಪ್ಪನ ಹೆಸರು ಕೊನೆಗೆ. ಕೆಲವರಿಗೆ ರೀಫಂಡ್ ಬರುವ ದಾರಿಯಲ್ಲೇ ಕರಗುತ್ತದೆ. ಬಾಕಿ ಉಳಿದ ತೆರಿಗೆ, ಮಕ್ಕಳ ಜೀವನಾಂಶ, ಕೆಲವು ಕಡೆ ಪಾರ್ಕಿಂಗ್ ದಂಡ ಕೂಡ ಅದರಿಂದಲೇ ಮುರಿದುಕೊಳ್ಳಬಹುದು.

ಇನ್ನೊಂದು ಕಾರಣ ಓದಿದಾಗ ನಗು ಬಂತು. ಕೆಲವೊಮ್ಮೆ ರಾಜ್ಯದ ಹತ್ತಿರ ದುಡ್ಡೇ ಇರುವುದಿಲ್ಲ. ಕೇಂದ್ರ ಸರ್ಕಾರ ಸಾಲ ಮಾಡಿ ಹೇಗೋ ನಡೆಸುತ್ತದೆ. ಆದರೆ ಇಲ್ಲಿನ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಿಗೂ ಬಜೆಟ್ ಸರಿದೂಗಿಸಲೇಬೇಕು ಎಂಬ ಕಟ್ಟುಪಾಡಿದೆ. 2009ರ ಆರ್ಥಿಕ ಕುಸಿತದಲ್ಲಿ ಫೆಬ್ರವರಿ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಕಂಟ್ರೋಲರ್, ಅಂದರೆ ರಾಜ್ಯದ ಪಾವತಿಗಳನ್ನು ನೋಡುವ ಅಧಿಕಾರಿ, ಜಾನ್ ಚಿಯಾಂಗ್ ರೀಫಂಡ್‌ಗಳನ್ನು 30 ದಿನ ತಡೆಹಿಡಿದರು. ಜುಲೈ ಹೊತ್ತಿಗೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಚೆಕ್ ಬದಲಿಗೆ ‘ಇಷ್ಟು ಕೊಡಬೇಕಾಗಿದೆ, ಆಮೇಲೆ ಕೊಡುತ್ತೇವೆ’ ಅನ್ನುವ ಕಾಗದವನ್ನೇ ರಾಜ್ಯ ಕಳಿಸಿತು, ಅದಕ್ಕೆ 3.75 ಶೇಕಡಾ ಬಡ್ಡಿ. ಆಪಲ್, ಗೂಗಲ್ ಇರುವ ರಾಜ್ಯ ಸ್ವಾಮಿ ಅದು! ಅದೇ ಫೆಬ್ರವರಿಯಲ್ಲಿ ಕ್ಯಾನ್ಸಸ್ ಕೂಡ ಕೆಲವು ದಿನ ರೀಫಂಡ್ ನಿಲ್ಲಿಸಿತ್ತು. 2010ರಲ್ಲಿ ಹವಾಯಿ, ಹೊಸ ಬಜೆಟ್ ವರ್ಷ ಶುರುವಾಗುವ ಜುಲೈವರೆಗೆ ಮುಂದೂಡಿತು. ಅಪ್ಪನಿಗೆ ಇದನ್ನು ಹೇಳಿದೆ. ‘ಬೆಲೆ ಬಿದ್ದ ವರ್ಷ ಸಾಹುಕಾರ್ರೂ ಬಟವಾಡೆಗೆ ಹೀಗೇ ಚೀಟಿ ಬರೆದು ಕೊಡ್ತಿದ್ರು’ ಅಂದರು. ಬಡ್ಡಿ ಮಾತ್ರ ಇರುತ್ತಿರಲಿಲ್ಲವಂತೆ.

ಏಪ್ರಿಲ್ ಬಂತು. ಈಗ ನಿಜವಾದ ಬಿಸಿ ತಟ್ಟಿತು. ಅದೇ ಐದು ಸಂಬಳದ ಮೇಲೆ ಹೊಸ ರಾಜ್ಯಕ್ಕೆ ನಾನು ತೆರಿಗೆ ಕಟ್ಟಿರಲಿಲ್ಲವಲ್ಲ, ಅವರಿಗೆ 1,140 ಡಾಲರ್ ಏಪ್ರಿಲ್ 15ರೊಳಗೆ ಕೊಡಬೇಕು. ಹಳೆಯವರಿಂದ ಬಂದದ್ದನ್ನು ಹೊಸಬರಿಗೆ ದಾಟಿಸೋಣ ಅಂತ ನನ್ನ ಲೆಕ್ಕ. ಒಂದು ರಾಜ್ಯ ಕೊಡುವುದು ತಡ ಮಾಡಿತು ಅಂತ ಇನ್ನೊಂದು ರಾಜ್ಯ ಕಾಯುವುದಿಲ್ಲ. ಕಾಯಬೇಕಾದ ಕಾರಣವೂ ಇಲ್ಲ, ಅವರಿಬ್ಬರಿಗೂ ಏನು ಸಂಬಂಧ? ಉಳಿತಾಯದಿಂದ ತೆಗೆದು ಕಟ್ಟಿದೆ.

ಆ ವಾರವೇ ಒಂದು ಮೆಸೇಜ್ ಬಂತು. ‘ನಿಮ್ಮ ರಾಜ್ಯದ ರೀಫಂಡ್ ಮಂಜೂರಾಗಿದೆ, ಈ ಲಿಂಕ್‌ನಲ್ಲಿ ಬ್ಯಾಂಕ್ ವಿವರ ಕೊಡಿ.’ ಬೆರಳು ಲಿಂಕಿನ ಮೇಲೆ ಹೋಗಿಯೇಬಿಟ್ಟಿತ್ತು. ಆಮೇಲೆ ಹೊಳೆಯಿತು. ಬ್ಯಾಂಕ್ ವಿವರ ರಿಟರ್ನ್‌ನಲ್ಲೇ ಕೊಟ್ಟಾಗಿದೆ, ಮತ್ತೆ ಯಾಕೆ ಕೇಳುತ್ತಾರೆ? ತೆರಿಗೆ ಇಲಾಖೆಯವರು ಹೀಗೆ ಮೆಸೇಜಿನಲ್ಲಿ ಲಿಂಕ್ ಕಳಿಸಿ ಖಾತೆ ನಂಬರ್ ಕೇಳುವುದಿಲ್ಲ. ಕಾಯುತ್ತಿರುವವರನ್ನು ಹಿಡಿಯುವುದು ಎಷ್ಟು ಸುಲಭ ಅಂತ ಅವತ್ತು ಗೊತ್ತಾಯಿತು.

ಏಪ್ರಿಲ್ 10ಕ್ಕೆ ಧೈರ್ಯ ಮಾಡಿ ಫೋನ್ ಮಾಡಿದೆ. 47 ನಿಮಿಷ ಪಿಯಾನೊ ಕೇಳಿದೆ, ಒಂದೇ ತುಣುಕು. ಮಧ್ಯದಲ್ಲಿ ಒಂದು ಧ್ವನಿ ‘ನಮ್ಮ ವೆಬ್‌ಸೈಟ್‌ನಲ್ಲೂ ನೋಡಬಹುದು’ ಅನ್ನುತ್ತಿತ್ತು. ಕೊನೆಗೆ ಒಬ್ಬ ಹೆಂಗಸು ಬಂದರು. ಹಿನ್ನೆಲೆಯಲ್ಲಿ ಇನ್ನಷ್ಟು ಧ್ವನಿಗಳು, ಕೀಬೋರ್ಡಿನ ಸದ್ದು. ನನ್ನ ವಿವರ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತುಂಬಾ ಸಮಾಧಾನವಾಗಿ ಹೇಳಿದರು. ‘ಮಾರ್ಚ್ 20ಕ್ಕೆ ನಿಮಗೆ ಪತ್ರ ಹಾಕಿದ್ದೇವಲ್ಲ ಮೇಡಂ. ಉತ್ತರಕ್ಕೆ 30 ದಿನ ಕೊಟ್ಟಿದ್ದೇವೆ. ಒಂಬತ್ತು ದಿನ ಉಳಿದಿದೆ.’

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಅಂಚೆಪೆಟ್ಟಿಗೆಗಳೂ ಗೇಟಿನ ಹತ್ತಿರ ಒಂದೇ ಕಡೆ ಇವೆ, ಬ್ಯಾಂಕ್ ಲಾಕರಿನ ಹಾಗೆ. ಸಣ್ಣ ಬೀಗದಕೈ. ನಾನು ಅದನ್ನು ತೆಗೆಯುತ್ತಿದ್ದುದೇ ಅಪರೂಪ. ತೆಗೆದರೂ ಪಿಜ್ಜಾ ಕೂಪನ್, ಕಿವಿ ಮಷಿನ್ ಜಾಹೀರಾತು, ಹಿಂದಿನ ಬಾಡಿಗೆದಾರನ ಹೆಸರಿನ ಕ್ರೆಡಿಟ್ ಕಾರ್ಡ್ ಆಫರ್. ಎಲ್ಲವನ್ನೂ ಒಂದು ಅಪ್ಪುಗೆಯಲ್ಲಿ ತಂದು, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡ್ ಮೇಲಿನ ಬುಟ್ಟಿಗೆ ಹಾಕುವುದು, ಬುಟ್ಟಿ ತುಂಬಿದಾಗ ರದ್ದಿಗೆ. ಫೋನ್ ಇಟ್ಟವಳೇ ಬುಟ್ಟಿ ಬೋರಲು ಹಾಕಿದೆ. ದಿನಸಿ ಅಂಗಡಿಯ ಬಣ್ಣದ ಹಾಳೆಯ ಮಡಿಕೆಯೊಳಗೆ ಸಿಕ್ಕಿಕೊಂಡಿತ್ತು. ಬಿಳಿ ಕವರ್, ಕಿಟಕಿಯಲ್ಲಿ ನನ್ನ ಹೆಸರು, ಮೂಲೆಯಲ್ಲಿ ರಾಜ್ಯದ ಮುದ್ರೆ. ಅದರ ಮೇಲೆ ಯಾವುದೋ ಲೋಟದ ಅಡಿಯ ವೃತ್ತ. ಮೂರು ವಾರ ಅದರ ಮೇಲೆ ನಾನು ಕಾಫಿ ಲೋಟ ಇಟ್ಟಿದ್ದೆ. ಆ ಲೋಟ ಕೈಲಿ ಹಿಡಿದುಕೊಂಡೇ ವೆಬ್‌ಸೈಟ್ ನೋಡುತ್ತಿದ್ದೆ.

ಕವರಿನ ಮೇಲೆ ಇನ್ನೊಂದು ಸಾಲಿತ್ತು. ವಿಳಾಸದಲ್ಲಿ ಈ ವ್ಯಕ್ತಿ ಇಲ್ಲದಿದ್ದರೆ ಬೇರೆ ಕಡೆ ಕಳಿಸಬೇಡಿ, ನಮಗೇ ವಾಪಸ್ ಮಾಡಿ ಅಂತ. ಹೊಸ ವಿಳಾಸ ಕೊಟ್ಟಿದ್ದೆನಲ್ಲ ಸದ್ಯ ಅಂದುಕೊಂಡೆ. ಹಳೆಯ ಮನೆಗೆ ಹೋಗಿದ್ದರೆ ಅದು ಹಾಗೇ ಹಿಂದಿರುಗುತ್ತಿತ್ತು, ನಾನು ಇವತ್ತಿಗೂ ಕಟ್ಟೆಗೆ ಒರಗಿಕೊಂಡು ನಿಂತಿರುತ್ತಿದ್ದೆ.

ಒಳಗೆ ಎರಡು ಪುಟ. ನೀವು ಜೂನ್‌ನಲ್ಲಿ ಹೋದೆ ಅನ್ನುತ್ತೀರಿ, ಕಂಪನಿ ಆಗಸ್ಟ್‌ವರೆಗೆ ಇದ್ದಿರಿ ಅನ್ನುತ್ತದೆ. ಹೋಗಿದ್ದಕ್ಕೆ ಪುರಾವೆ ಕೊಡಿ. ಮನೆ ಕರಾರು, ವಿದ್ಯುತ್ ಬಿಲ್, ಕೆಲಸದ ಜಾಗ ಯಾವ ತಾರೀಖಿನಿಂದ ಬದಲಾಯಿತು ಅಂತ ಕಂಪನಿಯ ಪತ್ರ. ಉತ್ತರ ಬರದಿದ್ದರೆ ನಮ್ಮ ಹತ್ತಿರ ಇರುವ ಮಾಹಿತಿಯ ಪ್ರಕಾರ ಲೆಕ್ಕ ಮಾಡುತ್ತೇವೆ. ಬೈಯಲು ಏನೂ ಸಿಗಲಿಲ್ಲ. ಅಪ್ಪ ಆ ಮೇಜಿನಲ್ಲಿ ಕೂತಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರು.

ಕರಾರು, ಬಿಲ್ಲು ಹತ್ತು ನಿಮಿಷದಲ್ಲಿ ಸಿಕ್ಕಿತು. ಕಂಪನಿಯ ಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ಏಪ್ರಿಲ್ 16ಕ್ಕೆ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಪತ್ರದ ಮೇಲಿನ ನಂಬರನ್ನು ಪ್ರತಿ ಪುಟದ ಮೂಲೆಯಲ್ಲೂ ಪೆನ್ನಿನಲ್ಲಿ ಬರೆದು ಕಳಿಸಿದೆ. ಆ ಮೂಲೆಯಲ್ಲಿ ನಂಬರ್ ಬರೆಯುವುದು ಅಪ್ಪ ಹೇಳಿಕೊಟ್ಟದ್ದು. ‘ಕಾಗದ ಬಿಡಿಬಿಡಿ ಆದ್ರೂ ಕೇಸು ಬಿಡಿ ಆಗಬಾರದು.’

ಅಪ್ಪನಿಗೆ ಕವರಿನ ವಿಷಯ ಹೇಳುವಾಗ ನಾಚಿಕೆಯಾಯಿತು. ಅವರು ಒಂದು ಮಾತೂ ಅನ್ನಲಿಲ್ಲ. ಬದಲಿಗೆ ಎಲೆಕ್ಟ್ರಾನಿಕ್ ಸಿಟಿ ಪೋಸ್ಟ್ ಬ್ಯಾಗ್ ನೆನಪು ಮಾಡಿದರು. ನಾನಿನ್ನೂ ಬೆಂಗಳೂರಿನಲ್ಲಿದ್ದಾಗ ಅವರ ಎಫ್‌ಡಿ ಬಡ್ಡಿಗೆ ಬ್ಯಾಂಕಿನವರು ಟಿಡಿಎಸ್ ಹಿಡಿದಿದ್ದರು. ವಾಪಸ್ ತರಿಸಲು ನಾನೇ ಆನ್‌ಲೈನ್‌ನಲ್ಲಿ ರಿಟರ್ನ್ ಹಾಕಿಕೊಟ್ಟಿದ್ದೆ. ಇಡೀ ದೇಶದ ಆನ್‌ಲೈನ್ ರಿಟರ್ನ್‌ಗಳನ್ನು ನೋಡುವ ಸಿಪಿಸಿ ಅನ್ನುವ ಆದಾಯ ತೆರಿಗೆ ಕಚೇರಿ ಇರುವುದು ಬೆಂಗಳೂರಿನಲ್ಲೇ. ಆಗ ಐಟಿಆರ್-ವಿ ಅನ್ನುವ ಒಂದು ಹಾಳೆಗೆ ಸಹಿ ಹಾಕಿ ‘ಪೋಸ್ಟ್ ಬ್ಯಾಗ್ ನಂ. 1, ಎಲೆಕ್ಟ್ರಾನಿಕ್ ಸಿಟಿ’ಗೆ 120 ದಿನದೊಳಗೆ ಅಂಚೆಯಲ್ಲೇ ಕಳಿಸಬೇಕಿತ್ತು, ಕೊರಿಯರ್ ಆಗದು. ನಾನು ಕೆಲಸಕ್ಕೆ ಹೋಗುತ್ತಿದ್ದುದೂ ಅದೇ ಎಲೆಕ್ಟ್ರಾನಿಕ್ ಸಿಟಿಗೆ. ಆದರೂ ಆ ಹಾಳೆಯನ್ನು ಕೈಯಲ್ಲಿ ಕೊಡುವ ಹಾಗಿರಲಿಲ್ಲ. ಜಯನಗರದಲ್ಲಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಅಪ್ಪನಿಗೆ ಕಳಿಸಿದ್ದೆ. ಅವರು ಅದನ್ನು ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದರು. ಈಗಲೂ ಇದೆಯಂತೆ.

ಮತ್ತೆ ಕಾಯುವುದು. ಆದರೆ ಈ ಸಲದ ಕಾಯುವಿಕೆ ಬೇರೆ ಥರ ಇತ್ತು. ಸಾಲು ಅದೇ, ‘ಪರಿಶೀಲನೆ ನಡೆಯುತ್ತಿದೆ’. ಆದರೆ ಈಗ ನನ್ನ ಕಾಗದ ಯಾವ ಪ್ರಶ್ನೆಗೆ ಉತ್ತರವಾಗಿ ಅಲ್ಲಿದೆ ಅಂತ ಗೊತ್ತಿತ್ತು. ದಿನಕ್ಕೆ ಮೂರು ಸಲದಿಂದ ವಾರಕ್ಕೊಂದು ಸಲಕ್ಕೆ ಇಳಿದೆ. ಅಂಚೆಪೆಟ್ಟಿಗೆ ಮಾತ್ರ ದಿನಾ ತೆಗೆಯುತ್ತಿದ್ದೆ.

ಆ ದಿನಗಳಲ್ಲೇ ಗೆಳತಿಯೊಬ್ಬಳ ಜೊತೆ ಸಣ್ಣ ಜಗಳವಾಯಿತು. ಅವಳಿಗೆ ಪ್ರತಿ ವರ್ಷ ದೊಡ್ಡ ರೀಫಂಡ್ ಬರುತ್ತದೆ, ಅದರಲ್ಲಿ ಊರಿಗೆ ಟಿಕೆಟ್. ‘ಸರ್ಕಾರದ ಬೋನಸ್’ ಅನ್ನುತ್ತಾಳೆ. ಬೋನಸ್ ಏನು ಬಂತು, ಅದು ನಿನ್ನದೇ ದುಡ್ಡಲ್ವಾ, ವರ್ಷವಿಡೀ ಬಡ್ಡಿಯಿಲ್ಲದೆ ಅವರಿಗೆ ಸಾಲ ಕೊಟ್ಟಿದ್ದೆ ಅಂದೆ. ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅಂತ ಕಂಪನಿಗೆ ತಿಳಿಸುವ ಡಬ್ಲ್ಯೂ-4 ಫಾರ್ಮು ಸರಿಯಾಗಿ ತುಂಬಿದರೆ ಪ್ರತಿ ಸಂಬಳದಲ್ಲೂ ಕೈಗೆ ಜಾಸ್ತಿ ಬರುತ್ತದೆ. ಅವಳು, ‘ಕೈಗೆ ಬಂದ್ರೆ ಖರ್ಚಾಗುತ್ತೆ ಕಣೆ, ಅಲ್ಲಿದ್ರೆ ಟಿಕೆಟ್ ಆಗುತ್ತೆ’ ಅಂದಳು. ಚೀಟಿ ಹಾಕುವವರೂ ಇದನ್ನೇ ಹೇಳುತ್ತಾರೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ನನಗೆ ಬರಬೇಕಾದ್ದು ಬರದೆ ನಿಂತಿದ್ದಾಗ, ಅಷ್ಟು ದುಡ್ಡನ್ನು ಬೇರೆಯವರ ಮನೆಯಲ್ಲಿಡಲು ಮನಸ್ಸು ಒಪ್ಪಲಿಲ್ಲ. ಹೊಸ ಫಾರ್ಮು ತುಂಬಿದೆ.

ಜೂನ್ 5ಕ್ಕೆ ಸಾಲು ಬದಲಾಯಿತು. ‘ಮಂಜೂರಾಗಿದೆ.’ ಖಾತೆ ನೋಡಿದೆ, ಏನೂ ಇಲ್ಲ. ಮೂರು ದಿನ, ನಾಲ್ಕು ದಿನ. ಆಮೇಲೆ ತಲೆ ಚಚ್ಚಿಕೊಂಡೆ. ರಿಟರ್ನ್‌ನಲ್ಲಿ ಕೊಟ್ಟಿದ್ದು ಹಳೆಯ ಊರಿನ ಸಣ್ಣ ಬ್ಯಾಂಕಿನ ಖಾತೆ. ಏಪ್ರಿಲ್ ಕೊನೆಯಲ್ಲಿ, ಇನ್ನು ಇದು ಯಾಕೆ ಅಂತ ನಾನೇ ಅದನ್ನು ಮುಚ್ಚಿದ್ದೆ. ಮುಚ್ಚಿದ ಖಾತೆಗೆ ಹೋದ ದುಡ್ಡನ್ನು ಬ್ಯಾಂಕ್ ಹಿಂದಿರುಗಿಸುತ್ತದೆ, ರಾಜ್ಯ ಅದನ್ನು ಚೆಕ್ ಮಾಡಿ ಅಂಚೆಗೆ ಹಾಕುತ್ತದೆ. ದುಡ್ಡು ಕಳೆದುಹೋಗುವುದಿಲ್ಲ, ದಿನಗಳು ಹೋಗುತ್ತವೆ.

ಜೂನ್ 27, ಶುಕ್ರವಾರ. ಪಿಜ್ಜಾ ಕೂಪನ್ ಕೆಳಗೆ ತಿಳಿಹಸಿರು ಕಾಗದದ ಚೆಕ್. 1,399 ಡಾಲರ್ 82 ಸೆಂಟ್. ನನ್ನ ಲೆಕ್ಕಕ್ಕಿಂತ 13 ಡಾಲರ್ 82 ಸೆಂಟ್ ಹೆಚ್ಚು. ಗೇಟಿನ ಹತ್ತಿರವೇ ನಿಂತು ಜೊತೆಯಲ್ಲಿದ್ದ ಚೀಟಿ ಓದಿದೆ, ಬಡ್ಡಿ ಅಂತ ಬರೆದಿತ್ತು. ಗೊತ್ತುಮಾಡಿದ ದಿನಗಳನ್ನು ಮೀರಿ ತಡವಾದರೆ ರಾಜ್ಯಗಳೂ ಬಡ್ಡಿ ಕೊಡುತ್ತವೆ. ನಮ್ಮಲ್ಲಿ ತಿಂಗಳಿಗೆ ಅರ್ಧ ಪರ್ಸೆಂಟ್ ಕೊಡುವ ಹಾಗೆ.

ಆ ರಾತ್ರಿ, ಅಲ್ಲಿ ಬೆಳಿಗ್ಗೆ, ಅಪ್ಪನಿಗೆ ಫೋನ್ ಮಾಡಿದೆ.

‘ಕೇಳದೇ ಬಡ್ಡಿ ಕೊಟ್ರಾ?’ ಅವರಿಗೆ ನಂಬಿಕೆಯೇ ಬರಲಿಲ್ಲ. ಎಷ್ಟು, ಯಾವ ತಾರೀಖಿನಿಂದ, ಯಾವ ದರದಲ್ಲಿ ಅಂತ ಕೇಳಿ, ಎದುರಿಗೆ ಕಾಗದ ಇಟ್ಟುಕೊಂಡು ಗುಣಿಸಿದರು. ಪೆನ್ಸಿಲ್ ಗೀಚುವ ಸದ್ದು ಕೇಳುತ್ತಿತ್ತು. ‘ಸರಿ ಇದೆ’ ಅಂದರು.

‘ಆದ್ರೆ ಅಪ್ಪಾ, ರೀಫಂಡ್ ಮೇಲೆ ನಾನು ತೆರಿಗೆ ಕಟ್ಟಬೇಕಾಗಿಲ್ಲ. ಈ ಬಡ್ಡಿ ಮಾತ್ರ ನನ್ನ ಆದಾಯವಂತೆ. ಮುಂದಿನ ವರ್ಷ ತೋರಿಸಬೇಕು.’

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

‘ಯಾರಿಗೆ? ರಾಜ್ಯಕ್ಕಾ, ಕೇಂದ್ರಕ್ಕಾ?’

‘ಇಬ್ಬರಿಗೂ.’

ಅಪ್ಪ ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂದು, ಫೋನನ್ನು ಅಮ್ಮನ ಕೈಗೆ ಕೊಟ್ಟರು. ‘ಎಂಥ ಆಯ್ತೇ ಇವರಿಗೆ?’ ಅಂತ ಅಮ್ಮ ಕೇಳಿದಳು.